ಮಿಸ್ತ್ರಿಯನ್ನು ಮಲಗಿಸುವುದು

ಬಾಗಿಲ ಚೌಕಟ್ಟು ಹಿಡಿದು ಲಿಯಾ ಅಲ್ಲೇ ನಿಂತುಬಿಟ್ಟಳು. ಸತ್ತ ಅಪ್ಪ ಕೂತಿದ್ದ. ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿದ್ದರು, ಬೀಳಬಾರದು ಅಂತ ಎದೆಗೆ ಧೋತರ ಸುತ್ತಿ ಕಿಟಕಿ ಸರಳಿಗೆ ಕಟ್ಟಿದ್ದರು. ಹಣೆ ತುಂಬ ವಿಭೂತಿ, ಕೊರಳ ತನಕ ಚೆಂಡುಹೂವು. ಭಜನೆಯವರು ಅವಳನ್ನು ನೋಡಿ ತಾಳ ನಿಲ್ಲಿಸಿದರು.

"ಬಾರವಾ ತಂಗಿ," ಅಂದ ಪಕ್ಕದ ಮನೆಯ ಶ್ರೀಶೈಲಪ್ಪ. "ರಾತ್ರಿಯೆಲ್ಲಾ ಒಬ್ಬನ್ನ ಬಿಟ್ಟಿಲ್ಲ. ನೋಡು, ಹ್ಯಾಂಗ ಕುಂತಾನ. ಬದುಕಿದ್ದಾಗ ಒಂದ ಕಡೆ ಹಿಂಗ ಕುಂದ್ರಲಿಲ್ಲ ಮಗ."

ಅವಳ ಅಪ್ಪ ಎಲಿಜಾ ಕೊರ್ಲೇಕರ ಗೊಳಸಂಗಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ. ಕೊಂಕಣದ ಕಡೆಯ ಯಹೂದಿ, ಊರಿಗೆಲ್ಲ ಅದೊಂದೇ ಮನೆ. ಶುಕ್ರವಾರ ಹೊತ್ತು ಮುಳುಗುವ ಮೊದಲು ದೀಪ ಹಚ್ಚಿದರೆ ಮುಗಿಯಿತು, ಶನಿವಾರ ಕತ್ತಲಾಗುವ ತನಕ ಯಾರ ಬೆಳೆ ಒಣಗಿದರೂ ನಟ್ಟು ತಿರುಗಿಸುವ ಪಾನಾ ಮುಟ್ಟುತ್ತಿರಲಿಲ್ಲ. ದೇವರು ಒಬ್ಬನೇ, ಮೂರ್ತಿ ಇಲ್ಲ ಅನ್ನೋನು. "ಅಂದ್ರ ನೀ ಸಾಬರ ಪೈಕಿ ಏನೋ, ಕ್ರಿಶ್ಚನ್ನರ ಪೈಕಿ ಏನೋ?" ಅಂತ ಕೇಳಿದರೆ "ಇಬ್ಬರಕಿಂತ ಮೊದಲಿನಾಂವ" ಅಂತ ನಗೋನು.

"ಕಾಕಾ, ನಮ್ಮೊಳಗ ಕುಂದ್ರಸೂದಿಲ್ರಿ," ಅಂದಳು ಲಿಯಾ. ಠಾಣೆ ಶಹರದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಅವಳ ದನಿ ಒಡೆದಿತ್ತು. "ಹೂ, ಭಸ್ಮ ಏನೂ ಇಲ್ಲ. ಗಂಡಸರು ತೊಳದು, ಬಿಳೀ ಅರಬಿ ಸುತ್ತಿ, ನೆಟ್ಟಗ ಅಂಗಾತ ಮಲಗಸಬೇಕ್ರಿ."

ಶ್ರೀಶೈಲಪ್ಪ ತನ್ನ ಕೈ ನೋಡಿಕೊಂಡ. "ಸುಡಬ್ಯಾಡ್ರಿ, ಹೂಳ್ರಿ ಅಂದಿದ್ದ. ಅಷ್ಟ ಅಂದಿದ್ದವಾ. ಹೂಳೂದಂದ್ರ ನಮಗ ಕುಂದ್ರಸೂದ ಗೊತ್ತು."

ಧೋತರ ಬಿಚ್ಚಿ ಮಲಗಿಸಿದರು. ಬೆನ್ನು ನೆಲಕ್ಕೆ ತಾಗಿತು, ಮಡಚಿದ ಕಾಲು ಮಡಚಿದ ಹಾಗೇ ಗಾಳಿಯಲ್ಲಿ ನಿಂತವು. ರಾತ್ರಿಯೆಲ್ಲ ಕೂತು ಸೆಟೆದುಹೋಗಿದ್ದ. ಶ್ರೀಶೈಲಪ್ಪನ ಹೆಂಡತಿ ಸಿದ್ದಲಿಂಗವ್ವ ಸೆರಗು ಬಾಯಿಗೊತ್ತಿ ಹೊರಗೆ ಹೋದಳು.

ಮಿಸ್ತ್ರಿಯ ಜೊತೆ ವರ್ಷಗಟ್ಟಲೆ ಗ್ರೀಸು ಮೆತ್ತಿಕೊಂಡ ಇಸ್ಮಾಯಿಲ ಮೊಣಕಾಲು ಮುಟ್ಟಿ ನೋಡಿದ. "ಒತ್ತಿದ್ರ ಸೀದಾ ಆಗತೈತಿ ತಂಗಿ. ಆದ್ರ ಕಟ್ ಅಂತೈತಿ."

"ಮುರಿಯೂ ಹಂಗಿಲ್ಲ ಚಾಚಾ. ಹೆಣಕ್ಕ ನೋವು ಮಾಡಬಾರದು."

"ನಾಳಿ ತನಕ ಬಿಟ್ರ ತಾನ ಸಡಲಾಗತೈತಿ."

"ಇವತ್ತ ಶುಕ್ರವಾರ. ಹೊತ್ತು ಮುಳುಗಿದ್ರ ಶಬ್ಬಾತ್, ನಾಳಿ ಕತ್ತಲಾಗೂ ಮಟಾ ಹೂಳೂ ಹಂಗಿಲ್ಲ."

ಮೇ ತಿಂಗಳ ಬಿಸಿಲು. ಬಾಗೇವಾಡಿಯ ಐಸ್ ಪೆಟ್ಟಿಗೆ ಬೇರೆ ಊರಿನ ಹೆಣಕ್ಕೆ ಹೋಗಿತ್ತು. ಕೋಣೆಯಲ್ಲಿ ಆಗಲೇ ವಾಸನೆ ಶುರುವಾಗಿತ್ತು.

"ಕುಂತವನ್ನ ಕುಂತಾಂಗ ಹೂಳೂಣು," ಅಂದ ಶ್ರೀಶೈಲಪ್ಪ ಮೆಲ್ಲಗೆ. "ನಮ್ಮ ಹೊಲದಾಗ ತೆಗ್ಗ ತೋಡಿ ಇಟ್ಟೇವಿ."

"ಹಂಗ ಹೂಳಿದ್ರ ಅಪ್ಪ ನಿಮ್ಮಾಂವ ಆಗ್ತಾನ್ರಿ ಕಾಕಾ."

"ಆಗಲಿ ಬಿಡವಾ. ಏನ್ ಹಾನಿ ಐತಿ?"

"ನಿಮಗ ಇಲ್ರಿ."

ಶ್ರೀಶೈಲಪ್ಪ ಅಂಗಿ ತೋಳು ಮಡಚಿದ. "ನೀರ ಕಾಸು," ಅಂತ ಹೆಂಡತಿಗೆ ಕೂಗಿ ಹೇಳಿದ, ಇಸ್ಮಾಯಿಲನನ್ನು ಒಳಗೆ ಕರೆದು ಬಾಗಿಲು ಹಾಕಿದ.

ಲಿಯಾ ಹೊರಗೆ ಕಟ್ಟೆಯ ಮೇಲೆ ಕೂತಳು. ಕೊಡಗಟ್ಟಲೆ ಬಿಸಿನೀರು ಒಳಗೆ ಹೋಯಿತು. ಬಚ್ಚಲ ಮೋರಿಯಿಂದ ಮೊದಲು ವಿಭೂತಿಯ ಬೂದುನೀರು ಬಂತು, ಆಮೇಲೆ ತಿಳಿನೀರು. ಒಳಗಿಂದ ಶ್ರೀಶೈಲಪ್ಪನ ದನಿ ಕೇಳುತ್ತಿತ್ತು: "ಬಿಡೋ ಎಲಿಜಾ. ಹಠಾ ಮಾಡಬ್ಯಾಡ. ಮಗಳು ಕುಂತಾಳ ಹೊರಗ. ಕಾಲ ಚಾಚೋ ಮಾರಾಯಾ." ತಿಕ್ಕುವ ಸದ್ದು. ಮತ್ತೆ ನೀರು. ಹೊಲದಲ್ಲಿ ಇಸ್ಮಾಯಿಲನ ಮಕ್ಕಳು ಚೌಕದ ತೆಗ್ಗನ್ನು ಉದ್ದ ಮಾಡುತ್ತಿದ್ದರು.

ಬಾಗಿಲು ತೆರೆದಾಗ ಬಿಸಿಲು ಹಳದಿಗೆ ತಿರುಗಿತ್ತು. ಬಿಳಿ ಅರಿವೆ ಸುತ್ತಿದ್ದರು. ಎಡಗಾಲು ನೆಟ್ಟಗಿತ್ತು. ಬಲ ಮೊಣಕಾಲು ಅರಿವೆಯೊಳಗೆ ಎದ್ದು ನಿಂತಿತ್ತು.

"ಒಂದಕ್ಕ ಒಪ್ಪಿದ," ಅಂದ ಶ್ರೀಶೈಲಪ್ಪ. ಅವನ ಅಂಗೈ ಬೆಂದು ಕೆಂಪಾಗಿತ್ತು. "ಇನ್ನೊಂದಕ್ಕ ಒಪ್ಪವಲ್ಲ ತಂಗಿ."

ಲಿಯಾ ಕುರ್ತಾದ ಕೊರಳಪಟ್ಟಿ ಹಿಡಿದು ಎದೆಯ ತನಕ ಹರಿದುಕೊಂಡಳು, ಅದು ಅವರ ಪದ್ಧತಿ. ಸತ್ತವರಿಗೆ ಹೇಳುವ ಕದ್ದೀಶ್ ಪ್ರಾರ್ಥನೆಗೆ ಹತ್ತು ಜನ ಯಹೂದಿ ಗಂಡಸರು ಬೇಕು. ಅದನ್ನು ಹೇಳಲಿಲ್ಲ.

ಹೊಲಕ್ಕೆ ಹೊತ್ತುಕೊಂಡು ಹೋಗಿ, ತೆಗ್ಗಿನಲ್ಲಿ ಅಂಗಾತ ಇಳಿಸಿ ಮಣ್ಣು ಎಳೆದರು. ಮುಖ ಮುಚ್ಚಿತು, ಎದೆ ಮುಚ್ಚಿತು, ಚಾಚಿದ ಕಾಲು ಮುಚ್ಚಿತು. ಬಿಳಿ ಅರಿವೆಯ ಆ ಮೊಣಕಾಲು ಮಾತ್ರ ಉಳಿಯಿತು. ಇಸ್ಮಾಯಿಲ ಸಲಿಕೆ ಹಿಡಿದು ನಿಂತ, ಅದರ ಮೇಲೆ ಹಾಕಲಿಲ್ಲ. ಸೂರ್ಯ ಜೋಳದ ದಂಟಿನ ಬಣವೆಯ ಅಂಚಿಗೆ ಇಳಿದಿದ್ದ. ಲಿಯಾ ತೆಗ್ಗಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬೊಗಸೆ ಬೊಗಸೆ ಸುರಿಯತೊಡಗಿದಳು. ಒಣ ಎರೆಮಣ್ಣು, ನಿಲ್ಲದೆ ಎರಡೂ ಕಡೆ ಜಾರಿ ಇಳಿಯುತ್ತಿತ್ತು.