ಮೊದಲ ತಟ್ಟೆ

"ಏನು ದೊಡ್ಡಕ್ಕ, ಇವತ್ತೂ ಹಸಿವಿಲ್ವಾ?"

ಕೇಳಿದವನು ಕಾರ್ಖಾನೆಯವರೆಲ್ಲ ಪತ್ತೇದಾರ ಎಂದು ಕರೆಯುತ್ತಿದ್ದವನು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಅವನ ಹಿಂದೆ ಚಪ್ಪಲಿ ಕಾರ್ಖಾನೆಯ ಜನ ಕೈ ತೊಳೆದು ತಟ್ಟೆ ಹಿಡಿದು ಹರಟುತ್ತಿದ್ದರು. ಅವನು ಬಾಯಿ ತೆರೆದದ್ದೇ ತಡ, ಉಳಿದ ಬಾಯಿಗಳೆಲ್ಲ ಮುಚ್ಚಿಕೊಂಡವು. ದೊಡ್ಡಕ್ಕ ಬೇಕಿಲ್ಲದಿದ್ದರೂ ಸೌಟನ್ನು ಸಾರಿನ ಹಂಡೆಯಲ್ಲಿ ಇನ್ನೊಂದು ಸುತ್ತು ತಿರುಗಿಸಿದಳು.

"ಬೆಳಿಗ್ಗೆ ಮನೇಲಿ ಜಾಸ್ತಿ ಆಯ್ತಪ್ಪಾ. ನೀನು ತಟ್ಟೆ ಹಿಡಿ."

"ನಿನ್ನೇನೂ ಹಾಗೇ ಅಂದ್ರಿ."

"ನಿನ್ನೇದು ನಿನ್ನೆಗಾಯ್ತು. ಹಿಡೀತೀಯೋ, ಹಿಂದಿನವರಿಗೆ ಬಡಿಸ್ಲೋ?"

ಅವನು ಹಿಡಿದ. ಬಡಿಸಿಕೊಂಡದ್ದನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿ ಹೋದ. ಅದನ್ನು ಸಾಲಿನಲ್ಲಿದ್ದವರೆಲ್ಲ ನೋಡಿದರು.

ಆ ಊಟದ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿಂದೆ ಯಾವನೋ ಪುಣ್ಯಾತ್ಮ ಹಳಸಿದ್ದನ್ನು ಬಿಸಿ ಮಾಡಿ ಬಡಿಸಿ, ಅರ್ಧ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ಮಲಗಿತ್ತಂತೆ. ಅಂದಿನಿಂದ ಮೊದಲ ತಟ್ಟೆ ಅಡುಗೆಯವರದು. ಎಲ್ಲರ ಕಣ್ಣೆದುರು ನಿಂತು ನಾಲ್ಕು ತುತ್ತು ತಿಂದು ತೋರಿಸಿದ ಮೇಲೆಯೇ ಸಾಲು ಕದಲಬೇಕು. ದೊಡ್ಡಕ್ಕ ಸೌಟು ಹಿಡಿದಂದಿನಿಂದ ಇದನ್ನೊಂದು ಗತ್ತಿನಿಂದ ನಡೆಸಿಕೊಂಡು ಬಂದವಳು. ತಿಂದು, ಬೆರಳು ನೆಕ್ಕಿ, "ಬನ್ರೋ" ಎನ್ನುತ್ತಿದ್ದಳು. ಈಗ ಆ ತಟ್ಟೆಯನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಅವಳ ಕಷ್ಟ ಹೇಳಿಕೊಳ್ಳುವಂಥದ್ದಲ್ಲ. ಏನು ತಿಂದರೂ ಹೊಟ್ಟೆ ಉಬ್ಬರ, ಹುಳಿತೇಗು. ಕಕ್ಕಸಿಗೆ ಹೋದರೆ ಹೊರಗೆ ಬರಲು ಹೊತ್ತು ಸಾಲದು. ಬಂದಾಗ ಕಣ್ಣಲ್ಲಿ ನೀರು, ಕೆಳಗೆ ರಕ್ತ. ಖಾರದ ಒಂದು ತುತ್ತು ಒಳಗೆ ಹೋದರೂ ಮಾರನೆಯ ಬೆಳಿಗ್ಗೆ ಪ್ರಾಣ ಬಾಯಿಗೆ ಬರುತ್ತಿತ್ತು. ಕೂತರೆ ಕೆಂಡದ ಮೇಲೆ ಕೂತ ಹಾಗೆ. ಕೈ ಸುಟ್ಟುಕೊಂಡರೆ ತೋರಿಸಬಹುದು, ಸೊಂಟ ನೋವೆಂದರೆ ನಾಲ್ಕು ಜನ ಅಯ್ಯೋ ಅನ್ನುತ್ತಾರೆ. ಇದಕ್ಕೆ ಜನ ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅಡುಗೆಯವಳ ಹೊಟ್ಟೆಯೇ ಕೆಟ್ಟಿದೆ ಎಂದು ಗೊತ್ತಾದರೆ ಅವಳ ಕೈಯ ಅಡುಗೆಯನ್ನು ಯಾರು ಮುಟ್ಟುತ್ತಾರೆ?

ಹಾಗಾಗಿ ಅವಳು ಮೊದಲು ಒಂದು ಉಪಾಯ ಹೂಡಿದಳು. ತಾನು ನಾಲ್ಕು ತುತ್ತು ತಿನ್ನುವಂತಾಗಲಿ ಎಂದು ಇಡೀ ಕಾರ್ಖಾನೆಯ ಅಡುಗೆಯಲ್ಲೇ ಮೆಣಸಿನಕಾಯಿ ಕಡಿಮೆ ಮಾಡಿದಳು. ಒಂದು ಹೊಟ್ಟೆಗಾಗಿ ಅಷ್ಟೂ ಜನ ಸಪ್ಪೆ ತಿಂದರು! ಗೊಣಗಾಟ ಶುರುವಾಯಿತು. ಖಾರ ಎಲ್ಲಿ ಹೋಯಿತು, ಯಾರ ಮನೆಗೆ ಹೋಯಿತು ಎಂಬಲ್ಲಿಗೆ ಮಾತು ಬಂತು. ಗೊಣಗದೆ ಇದ್ದವನು ಪತ್ತೇದಾರ ಒಬ್ಬನೇ. ಅವನು ಮಾತಿಲ್ಲದೆ ಬಂದು ಇನ್ನೊಂದು ಸೌಟು ಹಾಕಿಸಿಕೊಂಡು ಹೋಗುತ್ತಿದ್ದ. ದೊಡ್ಡಕ್ಕನಿಗೆ ಅದೇ ಭಯ. ಕಾರ್ಖಾನೆಯಲ್ಲಿ ಅವನ ಕೆಲಸವೇ ತಪ್ಪು ಹುಡುಕುವುದು. ದಿನವಿಡೀ ಸ್ಟೂಲಿನ ಮೇಲೆ ಕೂತು, ಹೊಲಿದು ಬಂದ ಒಂದೊಂದೇ ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಸೊಟ್ಟಗಿದ್ದರೆ ಪಕ್ಕಕ್ಕೆ ಎಸೆಯುವವನು. ಅಂಥವನು ಸುಮ್ಮನೆ ಎರಡನೆಯ ಸಲ ಬರುತ್ತಾನೆಯೇ?

ಕಳ್ಳಿ ಅನ್ನಿಸಿಕೊಳ್ಳುವುದು ಬೇಡವೆಂದು ಅವಳು ಮತ್ತೆ ಮೊದಲಿನಂತೆ ಖಾರ ಹಾಕಿದಳು. ತಾನು ತಿನ್ನುವುದನ್ನು ನಿಲ್ಲಿಸಿದಳು. ಅದೇ ಅವಳ ಮೈಮೇಲೆ ಬಂತು. 'ತಾನೇ ತಿನ್ನದ್ದನ್ನ ನಮಗೆ ಬಡಿಸ್ತಾಳೆ' ಎಂಬ ಮಾತು ಹೊಲಿಗೆ ವಿಭಾಗದಿಂದ ಹೊರಟು ಸಂಜೆಯೊಳಗೆ ಮ್ಯಾನೇಜರರ ಕಿವಿ ಮುಟ್ಟಿತು.

"ಸೋಮವಾರ ನಾನೇ ಬಂದು ನಿಂತ್ಕೋತೀನಿ," ಎಂದರು ಅವರು. "ನನ್ನೆದುರಿಗೆ ಮೊದಲ ತಟ್ಟೆ ತಿನ್ನಿ. ಆಗಲ್ಲ ಅಂದ್ರೆ ಸೌಟು ನಿಮ್ಮ ನಾದಿನಿ ಕೈಗೆ ಕೊಡಿ. ಆಯಮ್ಮ ಮಾಡ್ತಾರೆ."

ನಾದಿನಿ, ಅಂದರೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು, ತಲೆ ಬಗ್ಗಿಸಿ ಹೆಚ್ಚುತ್ತಲೇ ಇದ್ದಳು. ದೊಡ್ಡಕ್ಕನಿಗೆ ಆ ತಗ್ಗಿದ ತಲೆಯೂ ಸರಿ ಕಾಣಲಿಲ್ಲ. ಓಹೋ, ಇವಳೇ ಊದಿರಬೇಕು ಎಂದುಕೊಂಡಳು.

"ಅತ್ತಿಗೆ, ಮೈ ಹುಷಾರಿಲ್ವಾ?" ಎಂದು ನಾದಿನಿ ಮೆಲ್ಲಗೆ ಕೇಳಿದಳು.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನೀನು ಈರುಳ್ಳಿ ನೋಡ್ಕೋ."

ಶನಿವಾರ ಮಧ್ಯಾಹ್ನ ಅವಳು ಬಸ್ಸು ಹಿಡಿದು, ಪರಿಚಯದವರು ಯಾರೂ ಸಿಗದ ಬೀದಿಗೆ ಹೋದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದಳು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಡಾಕ್ಟರು. ಮೆಟ್ಟಿಲು ಹತ್ತುವ ಮುಂಚೆ ಹಿಂದೆ ಮುಂದೆ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಒಳಗೆ ಹೋದರೆ ವಿಚಿತ್ರ. ಗೋಡೆಯುದ್ದಕ್ಕೂ ಕುರ್ಚಿಗಳು, ಒಂದರಲ್ಲೂ ಜನವಿಲ್ಲ. ಬಂದವರೆಲ್ಲ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡದೆ, ಮೈಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತ, ಗೋಡೆಯ ಕ್ಯಾಲೆಂಡರನ್ನೇ ಓದುತ್ತಿದ್ದರು. ಕಿಟಕಿಯ ಹತ್ತಿರ ನಿಂತವನು ತಿರುಗಿದ. ಪತ್ತೇದಾರ!

ದೊಡ್ಡಕ್ಕನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇವನು ನನ್ನ ಬೆನ್ನು ಹತ್ತಿ ಇಲ್ಲಿಯವರೆಗೂ ಬಂದನಲ್ಲ, ಪಾಪಿ!

"ಏನಪ್ಪಾ, ಇಲ್ಲಿ?"

"ನಾನಾ? ಕಣ್ಣು ಉರಿ. ತೋರಿಸೋಣ ಅಂತ," ಎಂದ ಅವನು. "ನೀವು?"

"ನನಗೂ ಕಣ್ಣೇ."

ಬಾಗಿಲ ಮೇಲೆ ಬೋರ್ಡಿತ್ತು. ಕಣ್ಣಿಗೂ ಅದಕ್ಕೂ ಎಳ್ಳಷ್ಟು ಸಂಬಂಧವಿರಲಿಲ್ಲ. ಇಬ್ಬರೂ ಅದನ್ನು ನೋಡಲಿಲ್ಲ. ಖಾಲಿ ಕುರ್ಚಿಗಳ ನಡುವೆ ನಿಂತೇ ಇದ್ದರು. ಅವನು ಕಾಲು ಬದಲಿಸಿದ. ಸ್ವಲ್ಪ ಹೊತ್ತಿಗೆ ಅವಳೂ ಬದಲಿಸಿದಳು. ಅಷ್ಟರಲ್ಲಿ ನರ್ಸು ಅವಳನ್ನು ಒಳಗೆ ಕರೆದಳು.

ಡಾಕ್ಟರು ಅವಳ ಮಗಳ ವಯಸ್ಸಿನ ಹೆಂಗಸು. ಪರದೆಯ ಹಿಂದೆ ಮಲಗಿಸಿ ಪರೀಕ್ಷೆ ಮಾಡುವಾಗ ದೊಡ್ಡಕ್ಕ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಇಷ್ಟು ವರ್ಷ ಮಾನದಿಂದ ಬದುಕಿದ್ದೆಲ್ಲ ಹೋಯಿತು ಎಂದುಕೊಂಡಳು. ಎರಡೇ ನಿಮಿಷದಲ್ಲಿ ಮುಗಿದೂ ಹೋಯಿತು.

"ಮೂಲವ್ಯಾಧಿ ಇದೆ. ಔಷಧಿ ಬರೀತೀನಿ," ಎಂದಳು ಡಾಕ್ಟರು. "ನೀರು ಜಾಸ್ತಿ ಕುಡೀರಿ, ಸೊಪ್ಪು ತರಕಾರಿ ತಿನ್ನಿ. ಖಾರ ಸದ್ಯ ಮುಟ್ಟಬೇಡಿ. ಏನು ಕೆಲಸ ಮಾಡ್ತೀರಮ್ಮ?"

"ಮನೇಲೇ ಇರ್ತೀನಿ."

ಡಾಕ್ಟರು ಅವಳ ಮುಂಗೈ ಮೇಲೆ ಎಣ್ಣೆ ಸಿಡಿದ ಕಲೆಗಳನ್ನು ನೋಡಿ ಚೀಟಿ ಬರೆಯತೊಡಗಿದಳು. "ಇನ್ನೊಂದು ಮಾತು. ರಕ್ತ ಹೋಗೋದೆಲ್ಲ ಮೂಲವ್ಯಾಧಿಯಿಂದಲೇ ಅಂತ ಹೇಳೋಕಾಗಲ್ಲ. ಹೊಟ್ಟೆ ತೊಂದರೇನೂ ಇದೆ, ನಿಮಗೆ ವಯಸ್ಸೂ ಆಗಿದೆ. ಗುರುವಾರ ಬನ್ನಿ, ಕ್ಯಾಮೆರಾ ಹಾಕಿ ಒಳಗೆ ಪೂರ್ತಿ ನೋಡಿಬಿಡೋಣ."

"ಏನೋ ಇದೆ ಅಂತ ಗೊತ್ತಾಗಿದೆ ನಿಮಗೆ. ನನ್ನ ಹತ್ರ ಮುಚ್ಚಿಡ್ತಿದೀರಿ."

"ಮುಚ್ಚಿಡೋಕೆ ನನಗೇ ಏನೂ ಗೊತ್ತಿಲ್ಲಮ್ಮ. ಅದಕ್ಕೇ ನೋಡೋಣ ಅಂದದ್ದು. ಜೊತೆಗೆ ಯಾರನ್ನಾದರೂ ಕರ್ಕೊಂಡು ಬನ್ನಿ."

ಯಾರನ್ನು ಕರೆತರುವುದು? ಗುರುವಾರ ಸೌಟು ಬಿಟ್ಟರೆ ಶುಕ್ರವಾರ ಅದು ವಾಪಸ್ಸು ಸಿಗುತ್ತದೆಯೇ? ಹೊರಗೆ ಬಂದಾಗ ಪತ್ತೇದಾರ ಕ್ಯಾಲೆಂಡರಿಗೆ ಮುಖ ಮಾಡಿ ನಿಂತಿದ್ದ. ಅವಳು ಹೇಳದೆ ಕೇಳದೆ ಇಳಿದು ಬಂದಳು. ಭಾನುವಾರವಿಡೀ ಅವಳಿಗೆ ಒಂದೇ ಯೋಚನೆ. ಅವನು ಹೇಳುತ್ತಾನೆ. ಹೇಳದೆ ಇರುತ್ತಾನೆಯೇ, ಅವನಂಥವನು?

ಸೋಮವಾರ ಗಂಟೆ ಹೊಡೆಯಿತು. ಬಾಗಿಲಲ್ಲಿ ಮ್ಯಾನೇಜರು. ಸಾಲು ಎಂದಿಗಿಂತ ಸದ್ದಿಲ್ಲದೆ ನಿಂತಿತ್ತು. ಎಲ್ಲರಿಗೂ ಗೊತ್ತಾಗಿದೆ ಎಂದು ದೊಡ್ಡಕ್ಕನಿಗೆ ಖಾತ್ರಿಯಾಯಿತು. ಒಬ್ಬ ಕೆಮ್ಮಿದರೂ ತನಗೇ ನಕ್ಕ ಹಾಗಿತ್ತು. ಸಾರು ಕೆಂಪಗೆ ಕುದಿಯುತ್ತಿತ್ತು. ಹಾಳಾಗಿ ಹೋಗಲಿ, ತಿಂದುಬಿಡುತ್ತೇನೆ, ಸೌಟೊಂದು ಉಳಿದರೆ ಸಾಕು ಎಂದುಕೊಂಡು ಅವಳು ಮೊದಲ ತಟ್ಟೆಗೆ ಬಡಿಸಿಕೊಂಡಳು. ಸಾರು ಅಂಚಿನಿಂದ ಚೆಲ್ಲಿತು.

"ತನ್ನಿ ಇಲ್ಲಿ."

ಪತ್ತೇದಾರ ಕೈ ಚಾಚಿ ತಟ್ಟೆಯನ್ನು ಕಿತ್ತುಕೊಂಡ.

"ಏಯ್, ಏನೋ ಅದು?" ಎಂದರು ಮ್ಯಾನೇಜರು.

"ದಿನಾ ಅವರೇ ತಿಂದು ಅವರೇ ಚೆನ್ನಾಗಿದೆ ಅಂದ್ರೆ ಅದೆಂಥ ತಪಾಸಣೆ ಸಾರ್? ಹೊಲಿದವನೇ ಹೊಲಿಗೆ ನೋಡ್ತಾನಾ? ಇನ್ಮೇಲೆ ಸಾಲಲ್ಲಿ ನಿಂತವರು ದಿನಕ್ಕೊಬ್ಬರ ಹಾಗೆ ತಿನ್ನಲಿ. ಇವತ್ತು ನಾನು."

ಸಾಲಿನಲ್ಲಿ "ಹೌದೌದು" ಎಂದರು ಯಾರೋ. ಅವನು ತಿನ್ನತೊಡಗಿದ. ಮೊದಲ ತುತ್ತಿಗೇ ಕಿವಿ ಕೆಂಪಾಯಿತು. ಎರಡನೆಯದಕ್ಕೆ ಹಣೆ ಬೆವೆತಿತು. ಮೂರನೆಯದನ್ನು ನುಂಗುವಾಗ ಕಣ್ಣಲ್ಲಿ ನೀರಾಡಿತು. ಅವನು ಬಿಡಲಿಲ್ಲ. ಇವನಿಗೇನು ಬೇಕು, ಇದರಲ್ಲೇನು ಕುತಂತ್ರ ಎಂದು ದೊಡ್ಡಕ್ಕ ಆಗಲೂ ಹುಡುಕುತ್ತಿದ್ದಳು. ನಾಲ್ಕನೆಯ ತುತ್ತಿಗೆ ಅವನ ನಾಳೆಯ ಬೆಳಗು ಅವಳ ಕಣ್ಣಿಗೆ ಕಟ್ಟಿತು. ಬಾಗಿಲು ಹಾಕಿಕೊಂಡು ಗೋಡೆಗೆ ಕೈ ಕೊಟ್ಟು ಕೂರುವ ಆ ಹೊತ್ತು. ಸಪ್ಪೆ ಸಾರಿನ ದಿನಗಳಲ್ಲಿ ಅವನು ಎರಡನೆಯ ಸಲ ಬರುತ್ತಿದ್ದುದೂ ನೆನಪಾಯಿತು.

"ಉಪ್ಪು ಖಾರ ಎಲ್ಲಾ ಸರಿ ಇದೆ," ಎಂದು ಅವನು ತಟ್ಟೆ ಇಟ್ಟ. ಆ ಮನುಷ್ಯನೇ ಸರಿ ಎಂದ ಮೇಲೆ ಮ್ಯಾನೇಜರು ಇನ್ನೇನು ಹೇಳುತ್ತಾರೆ? ಹೊರಟುಹೋದರು. ಸಾಲು ಕದಲಿತು.

ದೊಡ್ಡಕ್ಕ ಬಡಿಸುತ್ತಲೇ ನಾದಿನಿಯತ್ತ ವಾಲಿದಳು.

"ಏ ಇವಳೇ. ಗುರುವಾರ ಆಸ್ಪತ್ರೆಗೆ ಹೋಗ್ಬೇಕು. ಮೂಲವ್ಯಾಧಿ. ಒಳಗೂ ನೋಡ್ಬೇಕಂತೆ."

ನಾದಿನಿಯ ಚಾಕು ನಿಂತಿತು. "ಒಬ್ಬರೇ ಹೋಗ್ತೀರಾ ಅತ್ತಿಗೆ? ನಾನೂ ಬರ್ತೀನಿ."

"ನೀನು ಬಂದ್ರೆ ಇಲ್ಲಿ ಯಾರು? ನಿಮ್ಮಣ್ಣನ್ನ ಕರ್ಕೊಂಡು ಹೋಗ್ತೀನಿ. ಸೌಟು ನೀನು ಹಿಡ್ಕೋ." ಇನ್ನೊಂದು ತಟ್ಟೆಗೆ ಬಡಿಸಿ, "ಖಾರ ಹಾಕೋ ಮುಂಚೆ ಒಂದು ಸಣ್ಣ ಪಾತ್ರೆಗೆ ಸಪ್ಪೇದು ತೆಗೆದಿಡು" ಎಂದಳು.

ಬೆಂಚುಗಳು ತುಂಬಿದವು. ದೊಡ್ಡಕ್ಕ ಮನೆಯಿಂದ ತನಗಾಗಿ ತಂದಿದ್ದ ಬೇಯಿಸಿದ ತರಕಾರಿಯ ಡಬ್ಬಿ ತೆಗೆದು, ಅರ್ಧವನ್ನು ಒಂದು ತಟ್ಟೆಗೆ ಹಾಕಿ ಪತ್ತೇದಾರನ ಕಡೆ ತಳ್ಳಿದಳು. ಅವನು ಅದನ್ನು ಮೂಸಿ ನೋಡದೆ ತೆಗೆದುಕೊಂಡು ಕಿಟಕಿಯ ಬಳಿಗೆ ಹೋದ.

"ಬಾರೋ, ಇಲ್ಲಿ ಜಾಗ ಇದೆ, ಕೂತ್ಕೋ," ಎಂದು ಯಾರೋ ಬೆಂಚಿನಿಂದ ಕರೆದರು.

"ಇರಲಿ ಬಿಡ್ರೋ. ದಿನಪೂರ್ತಿ ಕೂತೇ ಇರ್ತೀನಲ್ಲ."

ಅವನು ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿಂದ. ದೊಡ್ಡಕ್ಕ ಹಂಡೆಯ ಹಿಂದೆ ಡಬ್ಬಿ ಹಿಡಿದು ನಿಂತೇ ತಿಂದಳು. ಅವನು ಕಾಲು ಬದಲಿಸಿದ. ಸ್ವಲ್ಪ ಹೊತ್ತಿಗೆ ಅವಳೂ ಬದಲಿಸಿದಳು.