ಅಪ್ಪನನ್ನು ಸೋಲಿಸಿದ ಭಾನುವಾರ

ಅಮ್ಮ ಸೋತಾಗಿತ್ತು. ಅಣ್ಣನೂ ಸೋತಾಗಿತ್ತು. ಇನ್ನು ಉಳಿದವಳು ಪುಟ್ಟಿ ಒಬ್ಬಳೇ. ಅವಳೂ ಸೋತರೆ ಅಪ್ಪ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾನೆ.

ಅಪ್ಪನದು ಗಾಜಿನಂಗಡಿಯಲ್ಲಿ ಗಾಜು ಕೊಯ್ಯುವ ಕೆಲಸ. ಅಳತೆಪಟ್ಟಿ ಒತ್ತಿ ಹಿಡಿದು ಒಂದೇ ಉಸಿರಿಗೆ ಗೆರೆ ಎಳೆಯಬೇಕು. ನಡುವೆ ಕೈ ಅಲುಗಿದರೆ ಗಾಜು ಗೆರೆಯನ್ನು ಬಿಟ್ಟು ತನಗೆ ಬೇಕಾದ ಕಡೆ ಸೀಳಿಕೊಂಡು ಹೋಗುತ್ತದೆ. ಕೆಲವೊಮ್ಮೆ ಕೈಯ ಕಡೆಗೇ ಬರುತ್ತದೆ. ಎರಡು ತಿಂಗಳ ಹಿಂದೆ ಅವನ ಬಲಗೈ ನಡುಗತೊಡಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೈ ಹಿಡಿತಕ್ಕೆ ಬರುವವರೆಗೆ ಗಾಜು ಮುಟ್ಟಬೇಡಿ ಎಂದಿದ್ದರು. ಹಿಡಿತಕ್ಕೆ ಬಂದದ್ದು ಗೊತ್ತಾಗುವುದು ಹೇಗೆ? ಆ ಪರೀಕ್ಷೆಯನ್ನು ಅಪ್ಪನೇ ಹುಡುಕಿಕೊಂಡ. ಮಂಚದ ಕೆಳಗಿದ್ದ ಕೇರಂ ಬೋರ್ಡನ್ನು ಹೊರಗೆಳೆದು, ಧೂಳು ಒರೆಸಿ, "ನಿಮ್ಮ ಮೂವರನ್ನೂ ಒಂದೇ ದಿನ ಸೋಲಿಸ್ತೀನಿ ನೋಡಿ, ಮಾರನೇ ದಿನಾನೇ ಅಂಗಡಿಗೆ ಹೊರಟೆ" ಎಂದ.

ಅಂದಿನಿಂದ ಪ್ರತಿ ಭಾನುವಾರ ಊಟ ಮುಗಿಯುತ್ತಲೇ ಆಟ. ಒಂದೇ ದಿನ ಇಬ್ಬರು ಸೋತದ್ದು ಇದೇ ಮೊದಲು.

ಹೊಲಿಗೆ ಅಂಗಡಿಯಲ್ಲಿ ದಿನವಿಡೀ ಗುಂಡಿ ಹಾಕುವ ಪುಟ್ಟಿಗೆ ಬಾಯಿಗಿಂತ ಕಣ್ಣಿಗೇ ಕೆಲಸ ಹೆಚ್ಚು. ಅಮ್ಮ ತೂತಿನ ಅಂಚಿನಲ್ಲಿದ್ದ ತನ್ನ ಕಾಯಿಯನ್ನು ಬಿಟ್ಟು ಇನ್ನೆಲ್ಲಿಗೋ ಹೊಡೆದು, "ಅಯ್ಯೋ, ನನ್ನ ಕಣ್ಣೇ!" ಎಂದದ್ದನ್ನು ಅವಳು ನೋಡಿದ್ದಳು. ಬಸ್ ಓಡಿಸುವ ಅಣ್ಣ ಸ್ಟ್ರೈಕರನ್ನೇ ನೇರವಾಗಿ ತೂತಿಗೆ ಕಳಿಸಿ ಫೌಲ್ ಮಾಡಿಕೊಂಡದ್ದನ್ನೂ ನೋಡಿದ್ದಳು. ವಿಚಿತ್ರವೆಂದರೆ ಅವರಿಬ್ಬರೂ ಒಂದು ಮಾತೂ ಆಡಿಕೊಂಡಿರಲಿಲ್ಲ. ತಾನೊಬ್ಬಳೇ ಬಿಟ್ಟುಕೊಡುತ್ತಿದ್ದೇನೆ, ಮಗನಂತೂ ಜಿದ್ದಿಗೆ ಬಿದ್ದು ಆಡುತ್ತಾನೆ ಎಂದು ಅಮ್ಮ ತಿಳಿದಿದ್ದಳು. ಅಮ್ಮ ಆಟದಲ್ಲಿ ಯಾರಿಗೂ ಸೊಪ್ಪು ಹಾಕುವವಳಲ್ಲ ಎಂದು ಅಣ್ಣ ನಂಬಿದ್ದ. ಹೀಗಾಗಿ ಅಪ್ಪನ ಕೈ ಸುಧಾರಿಸಿದೆ ಎಂದು ಇಬ್ಬರಿಗೂ ಖಾತ್ರಿಯಾಗಿತ್ತು.

ನೀರು ಕುಡಿಯುವ ನೆಪದಲ್ಲಿ ಪುಟ್ಟಿ ಒಳಗೆ ಹೋದಳು. ಅಮ್ಮ ಹಿಂದೆಯೇ ಬಂದಳು.

"ಸ್ವಲ್ಪ ನೋಡ್ಕೊಂಡು ಆಡೇ. ಮನೇಲಿ ಕೂತೂ ಕೂತೂ ಅವರ ಮುಖ ಎಷ್ಟು ಬಾಡಿದೆ ನೋಡು."

"ಅಮ್ಮಾ, ಅಣ್ಣನೂ ಬೇಕಂತಲೇ ಸೋತಿದಾನೆ."

"ಏನಂದೆ?"

"ನೀನು ಸೋತ ಹಾಗೇ."

ಅಮ್ಮ ಹೊರಗೆ ಇಣುಕಿ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಹಾಗಂತ ಈಗ ನೀನು ಸೋಲಿಸ್ತೀಯಾ? ಆಮೇಲೆ ಅವರ ಮುಖ ನೋಡೋಕಾಗುತ್ತಾ ನಿನ್ನಿಂದ?" ಎಂದಳು.

"ನಾಳೆ ಅಪ್ಪನ ಕೈಲಿರೋದು ಗಾಜು, ಅಮ್ಮಾ."

ಹೊರಗಿನಿಂದ ಅಪ್ಪ ಕೂಗಿದ: "ಏನೇ ಪುಟ್ಟಿ, ಹೆದರಿ ಒಳಗೆ ಸೇರ್ಕೊಂಡ್ಯಾ?"

ಅವಳು ಬಂದು ಕೂತಳು. ಬೋರ್ಡಿನ ಮೇಲೆ ಪೌಡರ್ ಉದುರಿಸಿದಳು. ತಲೆ ಎತ್ತಲಿಲ್ಲ. ಅಪ್ಪನ ಮುಖ ಕಂಡರೆ ಮನಸ್ಸು ಕರಗೀತು ಎಂಬ ಭಯ. ಒಂದು, ಎರಡು, ಮೂರು ಎಂದು ಅವಳ ಕಾಯಿಗಳು ಬಿದ್ದವು. ಅಪ್ಪ ನಡುನಡುವೆ ಅಣ್ಣನನ್ನು ರೇಗಿಸುತ್ತಿದ್ದ. ಗುರಿ ನೋಡುತ್ತ ಕೂತಾಗಲೆಲ್ಲ ಸ್ಟ್ರೈಕರ್ ಅವನ ಬೆರಳ ಕೆಳಗೆ ಟಕಟಕ ಅನ್ನುತ್ತಿತ್ತು. ಅವನು ಗುರಿ ಹಿಡಿದಷ್ಟೂ ಆ ಸದ್ದು ಜೋರಾಗುತ್ತಿತ್ತು. ಕೊನೆಗೆ ರೆಡ್ ಕೂಡ ಅವಳದೇ ಆಯಿತು. ಅಪ್ಪನ ಆರು ಕಾಯಿಗಳು ಬೋರ್ಡಿನ ಮೇಲೇ ಉಳಿದವು.

ಅಣ್ಣನಿಗೆ ತಡೆಯಲಾಗಲಿಲ್ಲ.

"ಏನೇ ನೀನು! ಒಂಚೂರಾದ್ರೂ ದಯೆ ಬೇಡ್ವಾ?"

ಅಪ್ಪ ಅವನ ಕಡೆ ತಿರುಗಿದ. "ದಯೆನಾ? ಇಷ್ಟು ದಿನ ನೀನು ತೋರಿಸ್ತಿದ್ದದ್ದು ಅದೇನಾ?"

ಅಣ್ಣ ನಾಲಿಗೆ ಕಚ್ಚಿಕೊಂಡ. ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಒಣಗಿದ ಮೇಜನ್ನೇ ಬಟ್ಟೆಯಿಂದ ಉಜ್ಜತೊಡಗಿದಳು.

"ಅಂದ್ರೆ ನಾನು ಒಂದು ಆಟಾನೂ ಗೆದ್ದಿಲ್ಲ" ಎಂದ ಅಪ್ಪ. ಬೈದಿದ್ದರೂ ಸಹಿಸಬಹುದಿತ್ತು. ಅವನು ಬೈಯಲಿಲ್ಲ. ಕುರ್ಚಿಯಲ್ಲೇ ಅರ್ಧ ಕುಗ್ಗಿಹೋದ.

ಆದರೂ ಪುಟ್ಟಿ ಹೇಳಿದಳು.

"ಗೆದ್ದಿಲ್ಲ ಅಪ್ಪಾ. ಆದ್ರೆ ನಾನೊಂದು ನೋಡಿದೆ. ನೀನು ಗುರಿ ಹಿಡಿದು ಕೂತಾಗಲೆಲ್ಲ ತಪ್ಪಿತು, ಒಂದೂ ಬೀಳಲಿಲ್ಲ. ಮೂರು ಸಲ ಮಾತ್ರ ಅಣ್ಣನ್ನ ರೇಗಿಸ್ತಾ ರೇಗಿಸ್ತಾ ಹೊಡೆದೆ. ಆ ಮೂರೂ ಬಿತ್ತು. ಕೈ ನಿಂತಾಗ ನಡುಗುತ್ತೆ. ಹೊರಟ ಮೇಲೆ ನಡುಗಲ್ಲ."

ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಪ್ಪ ತನ್ನ ಬೆರಳುಗಳನ್ನೇ ನೋಡಿದ. ಸ್ಟ್ರೈಕರ್ ಇಟ್ಟವನೇ ಹಿಂದೆಮುಂದೆ ನೋಡದೆ ಹೊಡೆದ. ಕಾಯಿ ತೂತಿನ ಅಂಚಿಗೆ ಹೋಗಿ ನಿಂತಿತು. ಮತ್ತೆ ಇಟ್ಟ, ಹೊಡೆದ. ಬಿತ್ತು. ಇನ್ನೊಂದು. ಅದೂ ಬಿತ್ತು.

"ಗಾಜಿಗೆ ಇಷ್ಟು ಸಾಲದು" ಎಂದ. ಆದರೆ ದನಿಗೆ ಜೀವ ಬಂದಿತ್ತು. "ನಾಳೆ ಹೋಗಲ್ಲ. ಯಜಮಾನ್ರಿಗೆ ಹೇಳಿ ಒಂದಿಷ್ಟು ಚೂರು ಗಾಜು ತರಿಸ್ತೀನಿ, ಇಲ್ಲೇ ಎಳೆದು ನೋಡ್ತೀನಿ. ದಪ್ಪ ಕೈಗವಸು ಹಾಕ್ಕೊಂಡೇ, ಹಾಗೆ ನೋಡ್ಬೇಡ ಕಣೇ" ಎಂದು ಅಮ್ಮನಿಗೆ ಹೇಳಿ, ಪುಟ್ಟಿಯ ಕಡೆ ತಿರುಗಿದ. "ನೀನು ಪಕ್ಕದಲ್ಲಿ ಕೂರಬೇಕು. ಕಂಡದ್ದನ್ನ ಕಂಡ ಹಾಗೆ ಹೇಳಬೇಕು. ನನಗೆ ಬೇಜಾರಾಗುತ್ತೆ ಅಂತ ಮುಚ್ಚಿಡಬಾರದು."

ಪುಟ್ಟಿ ತಲೆಯಾಡಿಸಿದಳು.

"ಈಗ ನೀನು ಬಾರೋ, ದಯಾಮಯ!" ಅಪ್ಪ ಅಣ್ಣನನ್ನು ಕರೆದ. "ನಿಜವಾದ ಆಟ ಆಡು."

ಅಣ್ಣ ಅಂಗಿಯ ತೋಳು ಮಡಿಚಿ, ಬೆರಳು ನೆಟಿಗೆ ಮುರಿದು, ಯುದ್ಧಕ್ಕೆ ಹೊರಟವನಂತೆ ಕೂತ. ಅಪ್ಪ ಅವನನ್ನು ರೇಗಿಸುತ್ತಲೇ ಇದ್ದ, ಕಾಯಿಗಳು ಬೀಳುತ್ತಲೇ ಇದ್ದವು. ಅರ್ಧ ಗಂಟೆಯಲ್ಲಿ ಅಣ್ಣ ಎರಡು ಕಾಯಿ ಉಳಿಸಿಕೊಂಡು ಸೋತ.

"ಇದು ಆಟಾನೋ ಮತ್ತೆ ದಯೆನೋ?" ಅಪ್ಪ ಹುಬ್ಬು ಗಂಟಿಕ್ಕಿದ.

"ಅಪ್ಪನಾಣೆ, ಪ್ರಾಣ ಕೊಟ್ಟು ಆಡಿದೀನಿ!"

ಯಾರೂ ಅವನನ್ನು ನಂಬಲಿಲ್ಲ. ಮೂವರೂ ಪುಟ್ಟಿಯ ಮುಖ ನೋಡಿದರು.

"ಹೌದು ಅಪ್ಪಾ, ಈ ಸಲ ನಿಜವಾಗಿಯೇ ಸೋತ" ಎಂದಳು ಪುಟ್ಟಿ. "ಅವನಿಗೆ ಬರೋದೇ ಅಷ್ಟು."