ಹೆಂಗಸರಿಗೆ ಮಾತ್ರ

ಆಟೋ ನಿಂತ ಸದ್ದು, ಬ್ರೇಕಿನ ಕಿರ್ರೆನ್ನುವ ಎಳೆತ, ಗೇಟಿನ ಮುಂದೆಯೇ — ಬಂದೇಬಿಟ್ಟರಾ, ಮೂರು ಗಂಟೆ ಅಂದಿದ್ದರಲ್ಲ, ಇನ್ನೂ ಒಂದೂವರೆಯೂ ಆಗಿಲ್ಲ, ತಟ್ಟೆಯಲ್ಲಿ ಕಲಸಿದ ಮೊಸರನ್ನ ಹಾಗೇ ಇದೆ, ಸರ್ವಮಂಗಳಾ ಎಡಗೈಯಿಂದ ಕಿಟಕಿಯ ಪರದೆ ಸರಿಸಿದಳು, ಇಲ್ಲ, ಲೈಸೆನ್ಸಿಗೆ ಜಾಗ ನೋಡಲು ಬರುವವರು ಆಟೋದಲ್ಲಿ ಯಾಕೆ ಬರುತ್ತಾರೆ, ಇಳಿಯುತ್ತಿರುವವರು ಯಾರೋ ವಯಸ್ಸಾದವರು, ಪಂಚೆ, ಅರ್ಧ ತೋಳಿನ ಶರಟು, ಪಕ್ಕದ ಮನೆಗೇ ಇರಬೇಕು, ಶಂಕರಪುರದ ಈ ಅಡ್ಡರಸ್ತೆಯಲ್ಲಿ ಎಲ್ಲರೂ ತಪ್ಪು ಗೇಟಿಗೇ ಇಳಿಯುವುದು. ಬೆಳಗಿನಿಂದ ನೆಲ ಎರಡು ಸಲ ಒರೆಸಿದ್ದಾಯಿತು, ಮಸಾಜ್ ಮಂಚದ ರೆಕ್ಸಿನ್ ಮೇಲೆ ಒಗೆದ ದುಪ್ಪಟಿ ಹಾಸಿದ್ದಾಯಿತು, ಬೋರ್ಡಿನ ಧೂಳು ಕೂಡ ಹೊಡೆದಿದ್ದಾಳೆ — ಎಣ್ಣೆ ಮಸಾಜ್, ಮೈಕೈ ನೋವು, ಬಾಣಂತನ, ಹೆಂಗಸರಿಗೆ ಮಾತ್ರ, ಬೆಳಿಗ್ಗೆ ಹತ್ತರಿಂದ ಐದು — ಮಾತ್ರ ಎಂಬುದರ ಕೆಳಗೆ ಹೇಳಿ ಎರಡು ಗೆರೆ ಎಳೆಸಿದ್ದಳು, ಎರಡು ಗೆರೆ ಕಂಡರೂ ಫೋನ್ ಮಾಡುವ ಗಂಡಸರು ಎಷ್ಟು, ಅದ್ಯಾವನು ಅವಳ ನಂಬರನ್ನು ಇಂಟರ್ನೆಟ್ಟಿಗೆ ಹಾಕಿದನೋ, ಮೇಡಂ ನೀವೇ ಮಾಡ್ತೀರಾ, ವಯಸ್ಸೆಷ್ಟು, ಫೋಟೋ ಕಳಿಸಿ, ಎಕ್ಸ್‌ಟ್ರಾ ಏನಾದ್ರೂ ಇದ್ಯಾ, ಇವರಿಗೆಲ್ಲ ನಡ ಹಿಡಿದುಕೊಂಡರೆ ತಿಳಿಯುತ್ತಿತ್ತು, ನೋವೇ ಇಲ್ಲದವರು ನೋವಿನ ಕೋಣೆಗೆ ಯಾಕೆ ಬರಬೇಕು.

ಫೈಲಿನಲ್ಲಿ ಎಲ್ಲ ಇದೆ. ಬಾಡಿಗೆ ಕರಾರು, ಆಧಾರ್, ಹದಿನಾಲ್ಕು ವರ್ಷ ದುಡಿದ ಪ್ರಕೃತಿ ಚಿಕಿತ್ಸಾಲಯದ ಪತ್ರ, ಅದು ಮುಚ್ಚಿ ಮೂರು ವರ್ಷ, ವಾರ್ಡ್ ಕಚೇರಿಯ ಗುಮಾಸ್ತ ಲೆಟರ್‌ಹೆಡ್ಡಿನ ನಂಬರಿಗೆ ಅವಳೆದುರೇ ಫೋನ್ ಮಾಡಿ, ಎತ್ತಲಿಲ್ಲ ನೋಡಿ ಎಂದು ತೋರಿಸಿದ್ದ, ಎತ್ತುವವರು ಎಲ್ಲಿದ್ದಾರೆ, ಅಲ್ಲೀಗ ಮೊಬೈಲ್ ಅಂಗಡಿ. ಮನೆ ಮಾಲೀಕರು ಗಂಗಾಧರಯ್ಯ ಒಪ್ಪಿಗೆ ಪತ್ರ ಬರೆದುಕೊಡಲು ಎರಡು ತಿಂಗಳು ಮೀನಮೇಷ ಎಣಿಸಿದರು, ನಿನ್ನ ಮೇಲೆ ನಂಗೇನೂ ಅನುಮಾನ ಇಲ್ಲಮ್ಮ, ಬೀದಿ ಬಾಯಿ ಮುಚ್ಚೋರ್ಯಾರು, ಅಂದರು, ಪತ್ರ ಕೈಗಿಡುವಾಗಲೂ ಮುಖ ನೋಡಲಿಲ್ಲ. ಆ ಗುಮಾಸ್ತನದು ಇನ್ನೊಂದು — ಯಾವ ಹೆಡ್ಡಿಂಗಲ್ಲಿ ಹಾಕೋದು ಮೇಡಂ ಇದನ್ನ, ಕ್ಲಿನಿಕ್ ಅನ್ನಕ್ಕೆ ನೀವು ಡಾಕ್ಟರಲ್ಲ, ಸುಮ್ನೆ ಬ್ಯೂಟಿ ಪಾರ್ಲರ್ ಅಂತ ಬರ್ದ್ಬಿಡಿ, ಪಾಸಾಗೋಗತ್ತೆ, ಅಂದ. ನಾನು ಹುಬ್ಬು ತೆಗೆಯೋಳಲ್ಲ ಸಾರ್, ಅಂದಳು ಇವಳು. ಹಾಗಾದ್ರೆ ಮಸಾಜ್ ಪಾರ್ಲರ್ರಾ, ಎಂದು ಕಾಗದದಿಂದ ಕಣ್ಣೆತ್ತಿದವನು ಅವಳ ಮುಖ ನೋಡಿ, ಮುಖದಿಂದ ಕೆಳಗಿಳಿದು, ಮತ್ತೆ ಕಾಗದಕ್ಕೆ ಹೋದ, ಪಕ್ಕದ ಮೇಜಿನವನು ಸುಮ್ಮಸುಮ್ಮನೆ ಕೆಮ್ಮಿದ — ನಲವತ್ತೆಂಟು ವರ್ಷ ಅವಳಿಗೆ, ಹಣೆ ತುಂಬ ವಿಭೂತಿ, ಇವನ ತಾಯಿಯ ಬೆನ್ನು ನೀವಬಹುದಾದ ಕೈ, ಆದರೂ ಒಂದು ಶಬ್ದ ಸಾಕು, ಉಟ್ಟ ಸೀರೆಯೇ ತೆಳ್ಳಗಾಗಿಬಿಟ್ಟಂತೆ. ಕೊನೆಗೆ ಇತರೆ ಎಂದು ಬರೆದರು. ಇತರೆ. ಲೈಸೆನ್ಸ್ ಬರೋವರ್ಗೂ ಯಾರನ್ನೂ ಮುಟ್ಟಂಗಿಲ್ಲ, ಅಂದರು. ಹನ್ನೊಂದು ದಿನದಿಂದ ಯಾರನ್ನೂ ಮುಟ್ಟಿಲ್ಲ, ಕೈಯೇ ತೂಕಡಿಸುತ್ತಿದೆ, ಇವತ್ತು ಇನ್ಸ್‌ಪೆಕ್ಟರ್ ಬಂದು ಜಾಗ ನೋಡಿ ಸಹಿ ಮಾಡಿದರೆ ಮುಗಿಯಿತು.

ಗೇಟು ಯಾರೋ ಅಲ್ಲಾಡಿಸುತ್ತಿದ್ದಾರೆ. ಒಳಗ್ಯಾರಿದೀರಿ, ಸ್ವಲ್ಪ ಸಹಾಯ ಬೇಕಿತ್ತು ತಾಯಿ — ಈ ದನಿ ಎಲ್ಲಿ ಕೇಳಿದ್ದು, ಮೆತ್ತಗೆ, ಮಗ್ಗಿ ಹೇಳಿಕೊಡುವವರ ಹಾಗೆ ಅಕ್ಷರ ಅಕ್ಷರ ಬಿಡಿಸಿ, ಹೌದು, ಫೋನಿನಲ್ಲಿ, ಅರ್ಜಿ ಕೊಡುವ ಹಿಂದಿನ ವಾರ. ನನ್ನ ಹೆಸರು ವರದರಾಜ, ರಿಟೈರ್ಡ್ ಮೇಷ್ಟ್ರು, ನನ್ನ ಹೆಂಡ್ತಿಗೆ ಸ್ಟ್ರೋಕ್ ಆಗಿದೆ, ಮನೆಗೆ ಬಂದು ಕೈ ನೀವ್ತೀರಾ, ಎಂದು ಕೇಳಿದ್ದರು. ಅವ್ರ ಕೈಗೆ ಫೋನ್ ಕೊಡಿ ಸಾರ್, ಎಂದಳು. ಅವಳಿಗೆ ಮಾತು ಹೋಗಿದೆಯಮ್ಮ, ಎಂದರು. ಮನೇಲಿ ಬೇರೆ ಹೆಂಗಸ್ರು ಯಾರಿದಾರೆ, ಎಂದಳು. ಹಗಲು ಹೊತ್ತು ನಾವಿಬ್ರೇ, ಮಗಳು ಮಧುರಾ ಬ್ಯಾಂಕಿಂದ ಬರೋದು ಆರಕ್ಕೆ, ಎಂದರು, ಇನ್ನೇನೋ ಹೇಳಹೊರಟಿದ್ದರು, ಅಷ್ಟರಲ್ಲಿ ಕಟ್ ಮಾಡಿ ನಂಬರನ್ನು ಬ್ಲಾಕ್ ಮಾಡಿದ್ದಳು, ನಯವಾದ ದನಿಗೇ ಅವಳು ಹೆದರುವುದು, ಒರಟಾಗಿ ಕೇಳುವವರನ್ನು ಬೈದು ಇಡಬಹುದು, ನಯವಾಗಿ ಕೇಳಿದವನೇ ಅಲ್ಲವೇ ಮೂರು ವರ್ಷದ ಹಿಂದೆ ಮಲ್ಲೇಶ್ವರದ ಮೂರನೇ ಮಹಡಿಗೆ ಕರೆಸಿಕೊಂಡದ್ದು, ಅಮ್ಮನಿಗೆ ಸೊಂಟ ನೋವು ಮೇಡಂ, ನಡೆಯಕ್ಕಾಗಲ್ಲ, ಮಾತೂ ಸರಿಯಾಗಿ ಬರಲ್ಲ ಎಂದು, ಒಳಗೆ ಹೋದರೆ ದೇವರ ಮುಂದೆ ದೀಪ ಉರಿಯುತ್ತಿತ್ತು, ಅದನ್ನು ನೋಡಿಯೇ ನಂಬಿ ಮುಂದೆ ಹೆಜ್ಜೆಯಿಟ್ಟದ್ದು, ಕೋಣೆಯಲ್ಲಿ ಅಮ್ಮ ಇರಲಿಲ್ಲ, ಹಾಸಿಗೆ ಇತ್ತು, ಬೆನ್ನ ಹಿಂದೆ ಬಾಗಿಲ ಬೋಲ್ಟು ಬಿತ್ತು. ಬಾಟಲಿಯ ಎಣ್ಣೆಯನ್ನೆಲ್ಲ ನೆಲಕ್ಕೆ ಸುರಿದುಬಿಟ್ಟಳು, ಅವನು ಜಾರಿ ಬಿದ್ದ, ಇವಳು ಬೋಲ್ಟು ತೆಗೆದು ಬರಿಗಾಲಲ್ಲಿ ಮೂರು ಮಹಡಿ ಇಳಿದಳು, ಚಪ್ಪಲಿ ಅಲ್ಲೇ ಉಳಿಯಿತು. ಪೊಲೀಸಿಗೆ ಹೋಗಲಿಲ್ಲ. ಹೋದರೆ ಮೊದಲು ಕೇಳುವುದೇ ಲೈಸೆನ್ಸ್ ಎಲ್ಲಿ ಎಂದು. ಅಂದಿನಿಂದ ಯಾರ ಮನೆಗೂ ಹೋಗುವುದಿಲ್ಲ, ಅಂದಿನಿಂದ ರಿಜಿಸ್ಟರು, ಯಾರು ಕಳಿಸಿದ್ದು, ಎಲ್ಲಿ ನೋವು, ಡಾಕ್ಟರು ಏನಂದರು, ಜೊತೆಗೆ ಬರುವವರು ಯಾರು, ಬರೆದುಕೊಳ್ಳದೆ ಒಬ್ಬರನ್ನೂ ಹೊಸಿಲು ದಾಟಿಸಿಲ್ಲ.

ಬಾಗಿಲು ತೆಗೆದು ನಿಂತಳು, ಒಳಗೆ ಬನ್ನಿ ಅನ್ನಲಿಲ್ಲ. ಮೇಷ್ಟ್ರು ಕೈಮುಗಿದರು, ಹಣೆಯಲ್ಲಿ ನಾಮ ಬೆವರಿಗೆ ಕರಗಿತ್ತು. ಆಮೇಲೆ ನಿಮ್ಮ ಲೈನೇ ಸಿಗಲಿಲ್ಲಮ್ಮ, ಅದಕ್ಕೇ ಇವಳನ್ನ ಕರ್ಕೊಂಡೇ ಬಂದ್ಬಿಟ್ಟೆ, ಮಾನ್ಯ ಅಂತ ಇದಾಳಲ್ಲ, ನಮ್ಮ ಮಧುರಾ ಜೊತೆ ಬ್ಯಾಂಕಲ್ಲಿರೋ ಹುಡುಗಿ, ಬಾಣಂತನಕ್ಕೆ ನೀವೇ ಎಣ್ಣೆ ನೀವಿದ್ರಂತೆ, ಅವಳೇ ಅಡ್ರೆಸ್ ಕೊಟ್ಟದ್ದು — ಇದನ್ನೇ ಅಂದು ಹೇಳಹೊರಟದ್ದು, ಇನ್ನೊಂದು ನಿಮಿಷ ಕೇಳಿದ್ದರೆ, ಆದರೆ ಎಷ್ಟು ಜನರಿಗೆ ಇನ್ನೊಂದು ನಿಮಿಷ ಕೊಡುವುದು. ಆಟೋದ ಸೀಟಿನಲ್ಲಿ ಓರೆಯಾಗಿ ಕೂತ ಹೆಂಗಸು, ಆಂಡಾಳ್, ಹೆಸರನ್ನೂ ಅವರೇ ಹೇಳಿದರು, ಒಗೆದು ಒಣಗಿಸಿದ ಹತ್ತಿ ಸೀರೆ, ಒಂದು ಕಡೆಗೆ ಜಗ್ಗಿದ ತುಟಿ, ಬಲಗೈ ಎದೆಗೆ ಅಂಟಿಕೊಂಡು ಮುಷ್ಟಿಯಾಗಿಬಿಟ್ಟಿದೆ. ಇವತ್ತಾಗಲ್ಲ ಸಾರ್, ಇನ್ಸ್‌ಪೆಕ್ಟರ್ ಬರ್ತಾರೆ, ಲೈಸೆನ್ಸ್ ಇಲ್ದೆ ನಾನು ಮುಟ್ಟಂಗಿಲ್ಲ, ಎನ್ನಬೇಕು, ನಾಲಗೆಯ ತುದಿಗೆ ಬಂದಿತ್ತು, ಆದರೆ ಕಣ್ಣು ಆ ಮುಷ್ಟಿಯ ಮೇಲೆ ಕೂತುಬಿಟ್ಟಿತು, ಆಟೋದವರೆಗೆ ಹೋಗಿ ಬಗ್ಗಿದಳು, ವಾಸನೆ ಬರುತ್ತಿದೆ, ತಿಂಗಳುಗಟ್ಟಲೆ ಗಾಳಿಯಾಡದ ಅಂಗೈಯ ಹುಳಿ ವಾಸನೆ. ಎಷ್ಟು ದಿನ ಆಯ್ತು ಹೀಗೆ, ಎಂದು ಕೇಳಿದಳು. ಎಂಟು ತಿಂಗಳು, ನಾನು ಬಿಡಿಸಕ್ಕೆ ನೋಡ್ತೀನಿ, ಎಳೆದಷ್ಟೂ ಬಿಗಿಯತ್ತೆ, ಅವಳು ಅಳ್ತಾಳೆ, ನಾನು ಬಿಟ್ಬಿಡ್ತೀನಿ, ಅಂದರು. ಗಡಿಯಾರದಲ್ಲಿ ಒಂದೂ ಮುಕ್ಕಾಲು. ಅರ್ಧ ಗಂಟೆ ಸಾಕು, ಮೂರರೊಳಗೆ ಕಳಿಸಿಬಿಡಬಹುದು. ಆಟೋದವನು ಒಂದು ಕಡೆ, ಅವಳು ಒಂದು ಕಡೆ ಹಿಡಿದು ಒಳಗೆ ತಂದರು. ನೀವು ಹೊರಗೆ ಜಗಲಿ ಮೇಲಿರಿ ಸಾರ್, ಅಂದಳು.

ಬಿಸಿನೀರಿನಲ್ಲಿ ಎಣ್ಣೆಯ ಬಟ್ಟಲು. ಮೊದಲು ತೋಳು, ಮೊಣಕೈಯಿಂದ ಕೆಳಕ್ಕೆ, ಎಳ್ಳೆಣ್ಣೆ ಬೆಚ್ಚಗೆ ಇಳಿಯುತ್ತ, ನರಗಳು ಹುರಿಹಗ್ಗದ ಹಾಗೆ, ಅವಸರ ಮಾಡಬಾರದು, ಬೆರಳನ್ನು ಎಳೆಯಬಾರದು, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಬೇಕು, ಬಗ್ಗಿಸಿದಷ್ಟೂ ಬೆರಳು ತಾವಾಗಿ ಸಡಿಲವಾಗುತ್ತವೆ, ಇದನ್ನು ಕಲಿಯಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು, ಇತರೆ ಎಂದು ಬರೆದರಲ್ಲ, ಈ ನಾಲ್ಕು ವರ್ಷವೇ ಆ ಇತರೆ. ಹೆದರ್ಬೇಡಿ ಅಮ್ಮ, ನೋಯಿಸಲ್ಲ, ಅಂದಳು, ಆಂಡಾಳಮ್ಮ ಅವಳನ್ನೇ ನೋಡುತ್ತಿದ್ದರು, ರೆಪ್ಪೆ ಮಿಟುಕಿಸದೆ. ಹೆಬ್ಬೆರಳು ಬಿಟ್ಟಿತು. ತೋರುಬೆರಳು. ನಡುಬೆರಳು ಬಿಡುವಾಗ ಆಂಡಾಳಮ್ಮನ ಗಂಟಲಿನಿಂದ ಒಂದು ಸದ್ದು, ಅಳುವಲ್ಲ, ಉಸಿರು. ಆಮೇಲೆ ಇನ್ನೆರಡೂ, ಅಂಗೈ ತೆರೆಯಿತು — ಎಂಟು ತಿಂಗಳು ಬೆಳಕು ಕಾಣದ ಬಿಳಿ, ನೆನೆದ ಅವಲಕ್ಕಿಯ ಹಾಗೆ ಮೆತ್ತಗೆ, ಅದರ ನಡುವೆ ಉಗುರು ಒತ್ತಿದ ನಾಲ್ಕು ಗುರುತು, ನಾಲ್ಕು ಅರ್ಧಚಂದ್ರ, ಒಂದರ ಅಂಚಿನಲ್ಲಿ ಕೆಂಪು.

ಯಾರಿದು ಹೊರಗೆ ಕೂತಿರೋರು, ಎಂದ ದನಿ, ಹೆಣ್ಣು ದನಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಮೂವತ್ತು ದಾಟಿರಲಾರದು, ನಾನು ದೀಪ್ತಿ, ಹೆಲ್ತ್ ಇನ್ಸ್‌ಪೆಕ್ಟರ್, ಬೇಗ ಬಂದೆ, ಮಧ್ಯಾಹ್ನದ ಇನ್ನೊಂದು ವಿಸಿಟ್ ಕ್ಯಾನ್ಸಲ್ ಆಯ್ತು. ಸರ್ವಮಂಗಳಾ ಏಳಲಿಲ್ಲ, ಎದ್ದರೆ ಆ ಬೆರಳುಗಳನ್ನು ಹಿಡಿಯುವವರು ಯಾರು. ಕೆಲಸ ನಡೀತಿದೆಯಲ್ಲ ಮೇಡಂ, ಎಂದಳು ದೀಪ್ತಿ, ಗದರುವ ದನಿಯಲ್ಲ, ಅವಳದೂ ಬಿಸಿಲಲ್ಲಿ ಸುತ್ತಿ ಬಸವಳಿದ ಮುಖವೇ. ರಿಜಿಸ್ಟರ್ ತೋರ್ಸಿ. ಸರ್ವಮಂಗಳಾ ಗದ್ದದಿಂದ ತೋರಿಸಿದ ಮೇಜಿನಿಂದ ತಾನೇ ಎತ್ತಿಕೊಂಡು ಪುಟ ತಿರುವಿದಳು, ಎಲ್ಲ ಚೆನ್ನಾಗಿದೆ ಮೇಡಂ, ಇಷ್ಟು ಚೆನ್ನಾಗಿ ಯಾರೂ ಬರೆದಿಟ್ಟಿರಲ್ಲ, ಇವತ್ತಿಂದು ಎಲ್ಲಿ, ಇವರ ಹೆಸರು — ಇಲ್ಲ, ಬರೆದಿಲ್ಲ, ಮೂರು ವರ್ಷದಲ್ಲಿ ಇದೊಂದೇ ಸಲ. ಮೇಷ್ಟ್ರು ಹೊಸಿಲಾಚೆಯಿಂದಲೇ, ತಪ್ಪು ನಂದಮ್ಮ, ಹೇಳದೆ ಕೇಳದೆ ಬಂದೋನು ನಾನು, ನನ್ನ ಹೆಸರಿಗೆ ಬರ್ಕೊಳ್ಳಿ, ಅಂದರು, ಕ್ಲಾಸಿನಲ್ಲಿ ಹುಡುಗರ ಪರವಾಗಿ ಹೆಡ್‌ಮೇಷ್ಟ್ರ ಮುಂದೆ ನಿಂತವರ ಹಾಗೆ. ನಿಮ್ಮ ಹೆಸರಿಗೆ ನೋಟಿಸ್ ಕೊಡಕ್ಕಾಗಲ್ಲ ಸಾರ್, ಎಂದು ದೀಪ್ತಿ ಬ್ಯಾಗಿನಿಂದ ಒಂದು ಜೆರಾಕ್ಸ್ ತೆಗೆದಳು, ಸಹಿಯಿಲ್ಲದ ದೂರು, ಈ ಮನೆಗೆ ಗಂಡಸರು ಬಂದು ಹೋಗುತ್ತಾರೆ, ದುಂಡಗಿನ ಅಕ್ಷರ, ಇದೇ ಬೀದಿಯವರದೇ, ಸಂಕ್ರಾಂತಿಗೆ ಎಳ್ಳು ಕೊಟ್ಟುಹೋದವರದೇ ಇರಬಹುದು. ಇದಿಲ್ದಿದ್ರೆ ನೋಡಿಲ್ಲ ಅಂತ ಬಿಟ್ಬಿಡ್ತಿದ್ದೆ, ಈಗ ನಾನು ನೋಡಿದೀನಿ, ಬಾಗ್ಲಲ್ಲಿ ಗಂಡಸ್ರೂ ಇದಾರೆ, ಬರೀದೆ ಹೋದ್ರೆ ನನ್ನ ತಲೆಗೆ ಬರತ್ತೆ, ಅಂದಳು. ಹೇಳಬೇಕಾದ್ದು ಎಷ್ಟೋ ಇತ್ತು, ಮಲ್ಲೇಶ್ವರದ ಬೋಲ್ಟು, ಬ್ಲಾಕ್ ಮಾಡಿದ ಇನ್ನೂರು ನಂಬರು, ಆದರೆ ಯಾವುದನ್ನು ಮೊದಲು ಹೇಳುವುದು. ಎಡಗೈಯಲ್ಲಿ ಆಂಡಾಳಮ್ಮನ ಬೆರಳುಗಳನ್ನು ಒತ್ತಿಹಿಡಿದೇ, ದೀಪ್ತಿ ಬರೆದು ಚಾಚಿದ ನೋಟಿಸಿಗೆ ಬಲಗೈಯಲ್ಲಿ ಸಹಿ ಮಾಡಿದಳು, ಕಾಗದದ ಮೇಲೆ ಎಣ್ಣೆ ಹರಡಿತು, ಅರ್ಜಿ ತಿರಸ್ಕರಿಸಲಾಗಿದೆ, ಸ್ಥಳದಲ್ಲಿ ಕೆಲಸವನ್ನು ಕೂಡಲೇ ನಿಲ್ಲಿಸತಕ್ಕದ್ದು, ಮೂರು ತಿಂಗಳ ನಂತರ ಹೊಸದಾಗಿ ಅರ್ಜಿ ಸಲ್ಲಿಸಬಹುದು, ಓದುತ್ತಿರುವುದು ಕಣ್ಣು, ಕಾಣುತ್ತಿರುವುದು ಮಾತ್ರ ಆ ಬಿಳಿ, ಆ ನಾಲ್ಕು ಗುರುತು. ಸ್ಕೂಟರ್ ಹೋಯಿತು.

ನಮ್ಮಿಂದ ನಿಮಗೆ ಹೀಗಾಯ್ತಲ್ಲಮ್ಮ, ಎಂದರು ಒಳಗೆ ಬಂದ ಮೇಷ್ಟ್ರು. ಅವಳು ಗಾಯಕ್ಕೆ ಹತ್ತಿ ಇಟ್ಟಳು, ಬೆರಳು ಮತ್ತೆ ಮುಚ್ಚದಂತೆ ಬಟ್ಟೆಯ ಉಂಡೆಯೊಂದನ್ನು ಸುತ್ತಿ ಅಂಗೈಗೆ ಇಡಬೇಕು, ಹಾಗಂದುಕೊಂಡು ಬೆರಳು ಬಿಟ್ಟು ಬಟ್ಟೆ ಹುಡುಕಲು ತಿರುಗಿದಳು. ನಾಳೆ ಎಲ್ಲಿಗೆ ಹೋಗೋದು ಇವಳನ್ನ ಕರ್ಕೊಂಡು, ಎಂದು ಅವರು ಅವಳನ್ನು ಕೇಳಲಿಲ್ಲ, ಹೆಂಡತಿಯ ತಲೆಗೂದಲು ಸರಿಮಾಡುತ್ತ ತಮಗೆ ತಾವೇ ಅಂದುಕೊಂಡರು. ಮನೆಗೆ ಬರ್ತೀನಿ, ಎಂದಿತು ಬಾಯಿ, ಯಾರ ಮನೆಗೂ ಹೋಗೋಲ್ಲ ಎಂದವಳ ಬಾಯಿ — ನಿಮ್ಮ ನಂಬರ್ ಬ್ಲಾಕ್ ತೆಗೀತೀನಿ, ಆಧಾರ್ ಫೋಟೋ ಕಳಿಸಿ ಸಾರ್, ಸಂಜೆ ಮಗಳ ಹತ್ರ ಒಂದ್ಸಲ ಮಾತಾಡ್ಸಿ, ಅವರಿಗೆ ರಜ ಇರೋ ದಿನಾನೇ ಬರ್ತೀನಿ, ತಪ್ಪು ತಿಳ್ಕೋಬೇಡಿ, ಕೇಳ್ಲೇಬೇಕು ನಾನು. ಮೇಷ್ಟ್ರು ಅವಳನ್ನು ನೋಡಿದರು, ನೊಂದುಕೊಂಡರೋ ಇಲ್ಲವೋ ತಿಳಿಯಲಿಲ್ಲ, ಕೇಳ್ಬೇಕಾದ್ದೇ ಕಣಮ್ಮ, ಎಲ್ಲಾ ಕಳಿಸ್ತೀನಿ, ಅಂದರು. ಅವಳು ಬಟ್ಟೆ ಹಿಡಿದು ಮಂಚದ ಕಡೆ ತಿರುಗಿದಳು, ಕೈ ಆಗಲೇ ಮುಚ್ಚಿಕೊಳ್ಳುತ್ತಿದೆ, ಯಾರೂ ಹೇಳದೆ, ಕಿರುಬೆರಳು ಮೊದಲು, ಉಂಗುರಬೆರಳು, ಉಗುರುಗಳು ತಮ್ಮ ತಮ್ಮ ಗುರುತುಗಳನ್ನೇ ಹುಡುಕಿಕೊಂಡು ಇಳಿಯುತ್ತಿವೆ, ಎಂಟು ತಿಂಗಳ ದಾರಿ ಗೊತ್ತಿದ್ದ ಹಾಗೆ, ಬಿಳಿ ಅಂಗೈ, ನಾಲ್ಕು ಅರ್ಧಚಂದ್ರ, ಮೂರು, ಇನ್ನು ಎರಡು, ಇನ್ನು ಆ ಒಂದು, ಅಂಚು ಕೆಂಪಗಿರುವುದು